ತೊನ್ಲೆ ಸಾಪ್ ದೋಣಿ ಪ್ರಯಾಣ: ದಸರಾ ರಜೆಯಲ್ಲಿ ಅಪ್ಪ-ಅಮ್ಮನ ಜೊತೆ ಹೋಗಬಹುದಾ?

ಗಂಟುಮೂಟೆ
ಎಲ್ಲರಿಗೂ ನಮಸ್ಕಾರ. ಈ ಸಲ ದಸರಾ ರಜೆಗೆ ಕಾಂಬೋಡಿಯಾ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಅಪ್ಪನಿಗೆ ಅಂಗ್ಕೋರ್ ವಾಟ್ ನೋಡುವ ಆಸೆ. ನನಗೆ ಬೇಕಿರುವುದು ಸಿಯೆಮ್ ರೀಪ್‌ನಿಂದ ಬಟ್ಟಂಬಾಂಗ್‌ಗೆ ಹೋಗುವ ದೋಣಿ. ತೊನ್ಲೆ ಸಾಪ್ ಸರೋವರ ದಾಟಿ, ತೇಲುವ ಹಳ್ಳಿಗಳ ಮಧ್ಯೆ ಹಾದು ಹೋಗುತ್ತದಲ್ಲ, ಅದು. ಬಸ್ಸಿನಲ್ಲಾದರೆ ನಾಲ್ಕು ಗಂಟೆಯೊಳಗೆ ಮುಗಿಯುವ ದಾರಿ, ದೋಣಿಯಲ್ಲಿ ಇಡೀ ದಿನ ಅಂತಾರೆ.

ಅಪ್ಪನಿಗೆ 68, ಮಂಡಿ ನೋವಿದೆ. ಅಮ್ಮನಿಗೆ 63, ಏನೂ ತೊಂದರೆ ಇಲ್ಲ. ಮಗನಿಗೆ 9. ನಾವು ಸಸ್ಯಾಹಾರಿಗಳು. ಅಕ್ಟೋಬರ್‌ನಲ್ಲಿ ಅಲ್ಲಿ ಮಳೆ ಅಂತ ಕೆಲವರು ಹೆದರಿಸುತ್ತಿದ್ದಾರೆ. ಹೋಗಿ ಬಂದವರು ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ವಿಡಿಯೊಗಳಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ.

ಉಪ್ಪಿಟ್ಟು_ರವೆ
ಮೇಡಂ, ಸಸ್ಯಾಹಾರಿ, ಮಂಡಿ ನೋವು, ಇಡೀ ದಿನ ದೋಣಿ. ನೀವೇ ಉತ್ತರ ಬರೆದುಬಿಟ್ಟಿದ್ದೀರಿ. 😄 ಆದರೂ ಹೋಗಿ. ಅವಲಕ್ಕಿ ಮರೆಯಬೇಡಿ.

ಹೊಳೆಸಾಲು
ನಾನು ಈ ದೋಣಿಯಲ್ಲಿ ಹೋಗಿದ್ದೇನೆ, ನೀರು ತುಂಬಿದ್ದಾಗಲೂ, ಇಳಿದ ಮೇಲೂ. ಎರಡೂ ಒಂದೇ ದಾರಿ ಅಂತ ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಉದ್ದ ಆಗುತ್ತದೆ, ಓದಿ.

ಮೊದಲು ದಸರಾ ವಿಷಯ. ಮಳೆ ಅಂತ ಹೆದರಿಸುವವರ ಮಾತು ಬಿಡಿ. ಮಳೆ ಇರುತ್ತದೆ, ಹೆಚ್ಚಾಗಿ ಮಧ್ಯಾಹ್ನದ ಮೇಲೆ ಒಂದು ಹೊಡೆತ ಹೊಡೆದು ಹೋಗುತ್ತದೆ. ದೋಣಿಗೆ ಬೇಕಿರುವುದು ನೀರು. ಅಕ್ಟೋಬರ್ ಅಂದರೆ ಸರೋವರ ತುಂಬಿ ನಿಂತಿರುವ ಕಾಲ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ಸರೋವರ ಒಳ್ಳೆಯ ಮಳೆಗಾಲದಲ್ಲಿ 15,000 ಚದರ ಕಿಲೋಮೀಟರ್‌ವರೆಗೆ ಹರಡುತ್ತದೆ. ಆಳವೂ ಹಾಗೆಯೇ. ಬೇಸಿಗೆಯಲ್ಲಿ ಎಷ್ಟೋ ಕಡೆ ಸೊಂಟದ ಮಟ್ಟ ನೀರು, ಅಕ್ಟೋಬರ್‌ನಲ್ಲಿ ಎಂಟು ಒಂಬತ್ತು ಮೀಟರ್. ನೀರಿದ್ದಾಗ ಬಟ್ಟಂಬಾಂಗ್‌ಗೆ ಆರೇಳು ಗಂಟೆ. ಮಾರ್ಚ್-ಏಪ್ರಿಲ್‌ನಲ್ಲಿ ಹೋದರೆ ಬಟ್ಟಂಬಾಂಗ್ ಕಡೆಯ ಸಂಕೇರ್ ನದಿಯಲ್ಲಿ ತಳ ತಾಗಿ, ಹುಟ್ಟು ಹಾಕಿ, ಇಳಿದು ತಳ್ಳಿ, ಕೊನೆಗೆ ಎಲ್ಲೋ ಒಂದು ಹಳ್ಳಿಯಲ್ಲಿ ಇಳಿಸಿ ಪಿಕಪ್ ಗಾಡಿಯ ಹಿಂದೆ ಕೂರಿಸಿ ಕಳಿಸುತ್ತಾರೆ. ಅದು ಮಂಡಿ ನೋವಿನವರಿಗೆ ಆಗುವ ಕೆಲಸವಲ್ಲ.

ಬೆಳಿಗ್ಗೆ ಹೋಟೆಲಿನಿಂದ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಾರೆ. ದೋಣಿ ಹೊರಡುವುದು ಏಳು ಗಂಟೆ ಹೊತ್ತಿಗೆ, ಫ್ನೋಮ್ ಕ್ರೋಮ್ ಗುಡ್ಡದ ಕೆಳಗಿನ ದಕ್ಕೆಯಿಂದ. ಮರದ ಉದ್ದನೆಯ ದೋಣಿ, ಮೇಲೆ ಸೂರು, ಎರಡೂ ಕಡೆ ಹಲಗೆ ಬೆಂಚು, ಹಿಂದೆ ಕಿವಿ ಹರಿಯುವ ಇಂಜಿನ್. ಆದಷ್ಟು ಮುಂದೆ ಕೂರಿ. ಇಂಜಿನ್ ಪಕ್ಕ ಕೂತವರು ಸಂಜೆಯವರೆಗೂ ಮಾತಾಡುವ ಹಾಗಿಲ್ಲ.

ಮೊದಲ ಒಂದು ಗಂಟೆ ಸುಮ್ನೆ ಸಮುದ್ರದ ಹಾಗೆ, ಕಂದು ನೀರು, ದಡ ಕಾಣುವುದಿಲ್ಲ. ಇಷ್ಟೇನಾ ಅನ್ನಿಸುತ್ತದೆ. ಆಮೇಲೆ ನೀರಿನ ನಡುವೆಯೇ ಮರದ ತಲೆಗಳು ಶುರು. ಅದು ಕಾಡು. ಆರು ತಿಂಗಳು ನೆಲದ ಮೇಲೆ, ಆರು ತಿಂಗಳು ನೀರೊಳಗೆ ನಿಂತಿರುವ ಕಾಡು. ಆ ಕಾಡು ಮುಗಿಯುವ ಹೊತ್ತಿಗೆ ಪ್ರೆಕ್ ತೋಲ್ ಅನ್ನುವ ಹಳ್ಳಿ ಬರುತ್ತದೆ. ನಿಜವಾದ ಪ್ರಯಾಣ ಶುರುವಾಗುವುದು ಅಲ್ಲಿಂದ.

ಪ್ರೆಕ್ ತೋಲ್‌ನಲ್ಲಿ ಎಲ್ಲವೂ ತೇಲುತ್ತದೆ. ಮನೆ, ಶಾಲೆ, ಅಂಗಡಿ, ಪೆಟ್ರೋಲ್ ಮಾರುವ ಕಟ್ಟೆ, ಹಂದಿ ಗೂಡು ಕೂಡ. ಬಿದಿರಿನ ದೊಡ್ಡ ದೊಡ್ಡ ಕಟ್ಟುಗಳ ಮೇಲೋ ಖಾಲಿ ಡ್ರಮ್ಮುಗಳ ಮೇಲೋ ಹಲಗೆ ಹಾಸಿ ಮನೆ ಕಟ್ಟಿರುತ್ತಾರೆ. ಮುಂದೆ ಚಿಕ್ಕ ಜಗಲಿ, ಅಲ್ಲಿ ಹೂವಿನ ಕುಂಡ, ಸೊಪ್ಪಿನ ಕುಂಡ, ನಾಯಿ, ಜೋಲಿಯಲ್ಲಿ ಮಗು. ನೀರು ಏರಿ ಇಳಿದ ಹಾಗೆ ಇಡೀ ಮನೆಯನ್ನೇ ದೋಣಿಗೆ ಕಟ್ಟಿ ಎಳೆದುಕೊಂಡು ಜಾಗ ಬದಲಿಸುತ್ತಾರೆ.

ಈಗ ನನಗೆ ತುಂಬಾ ಇಷ್ಟವಾದದ್ದು. ಇದು ಬರೀ ಪ್ರವಾಸಿಗರ ದೋಣಿಯಲ್ಲ, ಆ ಊರುಗಳಿಗೆ ಬಸ್ಸೂ ಇದೇ, ಅಂಚೆಯೂ ಇದೇ. ದೋಣಿ ಬರುವ ಸದ್ದು ಕೇಳಿದರೆ ಯಾವುದೋ ಮನೆಯಿಂದ ಒಬ್ಬಾಕೆ ಪುಟ್ಟ ದೋಣಿ ತೆಗೆದು ಅಡ್ಡ ಬರುತ್ತಾಳೆ. ನಮ್ಮವನು ಇಂಜಿನ್ ತಗ್ಗಿಸುತ್ತಾನೆ, ನಿಲ್ಲಿಸುವುದಿಲ್ಲ. ಆಕೆ ಒಂದು ಕೈಯಲ್ಲಿ ನಮ್ಮ ದೋಣಿಯ ಅಂಚು ಹಿಡಿದು ಜೊತೆಯಲ್ಲೇ ಜಾರುತ್ತಾ ಬರುತ್ತಾಳೆ. ಮುಂದೆ ಕೂತ ಹುಡುಗ ಸೀಟಿನ ಕೆಳಗಿನಿಂದ ಒಂದು ಚೀಲ ಎಳೆದು ಕೊಡುತ್ತಾನೆ. ನಾನು ನೋಡಿದ ಚೀಲದಲ್ಲಿ ಮಾತ್ರೆಗಳ ಕವರು, ಒಂದು ಶಾಲೆ ಬ್ಯಾಗು, ಗೋಣಿಯಲ್ಲಿ ಸುತ್ತಿದ ಐಸ್ ಗಡ್ಡೆ ಇದ್ದವು. ಆಕೆ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ನೋಟು ಕೊಟ್ಟು, ಅಂಚು ಬಿಟ್ಟು, ಒಂದೇ ಹುಟ್ಟಿಗೆ ತಿರುಗಿ ಹೋದಳು. ಅರ್ಧ ನಿಮಿಷದ ವ್ಯವಹಾರ. ಒಂದು ತೊಟ್ಟು ನೀರು ಒಳಗೆ ಬರಲಿಲ್ಲ.

ಮಧ್ಯದಲ್ಲಿ ಒಂದು ತೇಲುವ ಅಂಗಡಿಯಲ್ಲಿ ನಿಲ್ಲಿಸುತ್ತಾರೆ. ಅನ್ನ, ಮೀನು, ನೂಡಲ್ಸ್, ಬಿಸ್ಕತ್ತು ಸಿಗುತ್ತದೆ. ಆಮೇಲೆ ಕಾಲುವೆಗಳು ಕಿರಿದಾಗುತ್ತವೆ. ಎಷ್ಟು ಕಿರಿದು ಅಂದರೆ ಎರಡೂ ಕಡೆಯ ಕೊಂಬೆಗಳು ಒಳಗೆ ಬಂದು ಮುಖಕ್ಕೆ ಹೊಡೆಯುತ್ತವೆ. ಎಲೆ, ಜೇಡ, ಕೆಂಪಿರುವೆ ಎಲ್ಲಾ ಮಡಿಲಿಗೆ. ಪೂರ್ತಿ ತೋಳಿನ ಅಂಗಿ, ಟೋಪಿ ಇರಲಿ. ನೇರಳೆ ಹೂವಿನ ಅಂತರಗಂಗೆ ದೋಣಿಯ ಫ್ಯಾನಿಗೆ ಸುತ್ತಿಕೊಂಡು ಇಂಜಿನ್ ಕಕ್ಕಾಬಿಕ್ಕಿ ಆಗುತ್ತದೆ. ಆಗ ಒಬ್ಬ ನೀರಿಗೆ ಇಳಿದು ಕತ್ತಿಯಲ್ಲಿ ಕೊಯ್ದು ತೆಗೆಯುತ್ತಾನೆ. ಯಾರೂ ಗಾಬರಿಯಾಗುವುದಿಲ್ಲ.

ಬಟ್ಟಂಬಾಂಗ್ ಹತ್ತಿರ ಬಂದ ಹಾಗೆ ದಂಡೆ ಮೇಲೇಳುತ್ತದೆ. ಬಾಳೆ, ಜೋಳ, ಪಗೋಡಾಗಳು, ನದಿಗೆ ಚಾಚಿದ ದೊಡ್ಡ ಎತ್ತುಬಲೆಗಳು, ಕೊಚ್ಚಿಯಲ್ಲಿ ಚೀನಾ ಬಲೆ ಅಂತಾರಲ್ಲ ಅಂಥವು. ಕೊನೆಯ ಒಂದೆರಡು ಗಂಟೆ ಸ್ವಲ್ಪ ಬೇಸರ ಬರುತ್ತದೆ. ಬೆನ್ನು ನೋಯುತ್ತದೆ. ಪ್ಲಾಸ್ಟಿಕ್ ಕವರು ಮರಕ್ಕೆಲ್ಲಾ ಜೋತುಬಿದ್ದಿರುತ್ತದೆ. ಇದನ್ನು ವಿಡಿಯೊದಲ್ಲಿ ಹಾಕುವುದಿಲ್ಲ.

ಗಂಟುಮೂಟೆ
@ಹೊಳೆಸಾಲು ಸರ್, ಇಷ್ಟು ಬರೆದಿದ್ದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಐಸ್ ಗಡ್ಡೆ ಭಾಗವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ರೆಡಿ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಬಾತ್‌ರೂಮು?

ಹೊಳೆಸಾಲು
ಹಿಂದುಗಡೆ ಇಂಜಿನ್ ಪಕ್ಕ ಒಂದು ಹಲಗೆ ಗೂಡು ಇರುತ್ತದೆ. ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಕೆಳಗೆ ನೇರ ಸರೋವರ. ತೇಲುವ ಅಂಗಡಿಯಲ್ಲೂ ಅದೇ ಕಥೆ. ಮಂಡಿ ಬಗ್ಗದವರಿಗೆ ಕಷ್ಟವೇ. ಮುಚ್ಚಿಟ್ಟು ಹೇಳಿ ಪ್ರಯೋಜನವಿಲ್ಲ.

ಉಪ್ಪಿಟ್ಟು_ರವೆ
ಅದೇ ನೀರಲ್ಲಿ ಪಾತ್ರೆ ತೊಳೆಯುತ್ತಾರೆ ಅಂತಾಯಿತು. ನನ್ನ ಅವಲಕ್ಕಿ ಸಲಹೆ ಈಗ ಕಡ್ಡಾಯ.

ನೀರಿನ_ಲೆಕ್ಕ
ನಾನು ನೀರಾವರಿ ಇಲಾಖೆಯಿಂದ ನಿವೃತ್ತನಾದವನು. ಈ ಸರೋವರದ ಬಗ್ಗೆ ಮಾತಾಡಿ ನದಿಯ ಬಗ್ಗೆ ಹೇಳದೆ ಬಿಟ್ಟರೆ ಹೇಗೆ? ಅದರ ಕಥೆ ಇರುವುದೇ ನದಿಯಲ್ಲಿ.

ಸರೋವರದಿಂದ ತೊನ್ಲೆ ಸಾಪ್ ಅಂತಲೇ ಒಂದು ನದಿ ಹೊರಟು, ನೂರು ಕಿಲೋಮೀಟರಿಗೂ ಜಾಸ್ತಿ ಹರಿದು, ರಾಜಧಾನಿ ಫ್ನೋಮ್ ಪೆನ್ ಮುಂದೆ ಮೆಕಾಂಗ್ ನದಿ ಸೇರುತ್ತದೆ. ಸಾಧಾರಣವಾಗಿ ಸರೋವರದ ನೀರು ನದಿಗೆ, ನದಿಯಿಂದ ಸಮುದ್ರಕ್ಕೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮೆಕಾಂಗ್ ಎಷ್ಟು ಏರುತ್ತದೆ ಅಂದರೆ ಅದರ ಮಟ್ಟ ಸರೋವರದ ಮಟ್ಟಕ್ಕಿಂತ ಮೇಲಾಗುತ್ತದೆ. ಆಗ ನದಿ ಹಿಂದಕ್ಕೆ ಹರಿಯುತ್ತದೆ. ಹೌದು, ಇಡೀ ನದಿ ತಿರುಗಿ ಸರೋವರದ ಕಡೆಗೆ. ಮೂರು ನಾಲ್ಕು ತಿಂಗಳು ಹೀಗೆ ಮೆಕಾಂಗ್ ನೀರು ಒಳಗೆ ನುಗ್ಗುತ್ತದೆ. ಸರೋವರಕ್ಕೆ ಬರುವ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ ಮೆಕಾಂಗ್‌ನದ್ದು. ಉಳಿದದ್ದು ಮಳೆ ಮತ್ತು ಸಂಕೇರ್, ಸೆನ್, ಪುರ್ಸಾತ್ ಥರದ ಸುತ್ತಲಿನ ನದಿಗಳದ್ದು. ಅಕ್ಟೋಬರ್-ನವೆಂಬರ್‌ನಲ್ಲಿ ಮೆಕಾಂಗ್ ಇಳಿದಾಗ ನೀರು ಮತ್ತೆ ಹೊರಕ್ಕೆ ತಿರುಗುತ್ತದೆ.

ಇಂಥ ಒಂದು ಜಲಾಶಯವನ್ನು ನಾವು ಕಟ್ಟಬೇಕಿದ್ದರೆ ಎಷ್ಟು ಕೋಟಿ, ಎಷ್ಟು ಊರು ಖಾಲಿ ಮಾಡಿಸಬೇಕು ಯೋಚನೆ ಮಾಡಿ. ಅಲ್ಲಿ ಗೇಟೂ ಇಲ್ಲ, ಆಪರೇಟರೂ ಇಲ್ಲ. ಮಳೆಗಾಲದ ಪ್ರವಾಹವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಬೇಸಿಗೆಯಲ್ಲಿ ಹಾಗೆ ಹೋಗುವ ಸಿಹಿನೀರಿನಿಂದಲೇ ವಿಯೆಟ್ನಾಮಿನ ಮುಖಜಭೂಮಿಯ ಗದ್ದೆಗಳಿಗೆ ಸಮುದ್ರದ ಉಪ್ಪು ನುಗ್ಗುವುದು ಎಷ್ಟೋ ಕಡಿಮೆಯಾಗುತ್ತದೆ.

ಫೋಂಪೆನ್_ಕನ್ನಡಿಗ
ಸರ್ ಸರಿಯಾಗಿ ಹೇಳಿದರು. ನಾನು ಇಲ್ಲಿ ಕೆಲಸದ ಮೇಲಿದ್ದೇನೆ, ಆಫೀಸಿನ ಕಿಟಕಿಯಿಂದ ನದಿ ಕಾಣುತ್ತದೆ. ತಿರುಗಿದ ನೀರನ್ನು ಹಬ್ಬ ಮಾಡಿ ಕಳಿಸುವ ಊರು ಇದು. ಬೋನ್ ಓಮ್ ತೂಕ್ ಅಂತ, ನಮ್ಮ ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ ಮೂರು ದಿನ. ಉದ್ದುದ್ದ ದೋಣಿಗಳ ಪಂದ್ಯ, ಒಂದೊಂದರಲ್ಲಿ ಹತ್ತಾರು ಜನ ಹುಟ್ಟು ಹಾಕುತ್ತಾರೆ. ಹಳ್ಳಿ ಹಳ್ಳಿಯ ದೇವಸ್ಥಾನದವರು ತಮ್ಮ ದೋಣಿ ತರುತ್ತಾರೆ.

ಗಂಟುಮೂಟೆ ಮೇಡಂ, ನಿಮಗೆ ಬೇಕಾದ ಮಾಹಿತಿ ಒಂದಿದೆ. ನಮ್ಮ ಪಿತೃಪಕ್ಷದ ಹದಿನೈದು ದಿನ ಇಲ್ಲೂ ಪಿತೃಗಳ ಹಬ್ಬವೇ, ಪ್ಚುಮ್ ಬೆನ್. ಬೆಳಕು ಹರಿಯುವ ಮುಂಚೆ ದೇವಸ್ಥಾನಕ್ಕೆ ಹೋಗಿ ಅನ್ನದ ಉಂಡೆ ಎಸೆಯುತ್ತಾರೆ. ಕೊನೆಯ ಮೂರು ದಿನ, ಅಂದರೆ ಮಹಾಲಯ ಅಮಾವಾಸ್ಯೆಯ ಆಸುಪಾಸು, ಇಡೀ ದೇಶ ಸ್ವಂತ ಊರಿಗೆ ಹೊರಟಿರುತ್ತದೆ. ಬಸ್ಸಿನಲ್ಲಿ ಜಾಗ ಇಲ್ಲ, ದರ ಎರಡರಷ್ಟು, ಅರ್ಧ ಅಂಗಡಿ ಬಾಗಿಲು ಹಾಕಿರುತ್ತವೆ. ನವರಾತ್ರಿ ಶುರುವಾಗಿ ಎರಡು ಮೂರು ದಿನ ಕಳೆದ ಮೇಲೆ ಬನ್ನಿ, ಎಲ್ಲಾ ಸಲೀಸು.

ಊಟದ ವಿಷಯ: ಇಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಕೇಳಿದರೆ ನಗುತ್ತಾ "ಮೀನಿಲ್ಲ" ಅಂತಾರೆ, ಯಾಕೆಂದರೆ ಅವರ ಲೆಕ್ಕದಲ್ಲಿ ಸಾಸ್ ಮೀನಲ್ಲ. ಸಿಯೆಮ್ ರೀಪ್‌ನಲ್ಲಿ ಇಂಡಿಯನ್ ಹೋಟೆಲ್‌ಗಳಿವೆ, ಹಿಂದಿನ ರಾತ್ರಿಯೇ ಚಪಾತಿ ಕಟ್ಟಿಸಿಕೊಳ್ಳಿ. ದಾರಿಯಲ್ಲಿ ಬಾಳೆಹಣ್ಣು ಧಾರಾಳ.

ಸುಮ್ನೆ_ಓದುಗ
ಎಲ್ಲರೂ ಖುಷಿಯಾಗಿ ಬರೆಯುತ್ತಿದ್ದೀರಿ, ಸಂತೋಷ. ನನಗೊಂದು ಪ್ರಶ್ನೆ. ಯಾರದ್ದೋ ಮನೆಯ ಜಗಲಿ, ಯಾರದ್ದೋ ಮಗು ಸ್ನಾನ ಮಾಡುವುದು, ಇದನ್ನು 30 ಡಾಲರ್ ಕೊಟ್ಟು ನೋಡಿಕೊಂಡು ಫೋಟೊ ಹೊಡೆದುಕೊಂಡು ಬರುವುದರಲ್ಲಿ ಏನಿದೆ? ನಮ್ಮ ಊರಿನ ಕೊಳೆಗೇರಿಗೆ ಬಸ್ ತುಂಬಾ ಫಾರಿನ್‌ನವರು ಬಂದು ಕ್ಯಾಮೆರಾ ಹಿಡಿದರೆ ನಮಗೆ ಹೇಗಾಗುತ್ತದೆ? ಬಡತನಕ್ಕೆ ನೀರು ಸೇರಿಸಿದರೆ ಚೆಂದ ಆಗಿಬಿಡುತ್ತಾ?

ಹೊಳೆಸಾಲು
ಗುರು, ನಿನ್ನ ಸಿಟ್ಟು ಅರ್ಥವಾಗುತ್ತದೆ. ನೀನು ಹೇಳುವ ಜಾತಿಯ ದೋಣಿ ಬೇರೆ ಇದೆ. ಸಿಯೆಮ್ ರೀಪ್ ಹತ್ತಿರವೇ ಎರಡು ಗಂಟೆಯ ಸುತ್ತು. ಹತ್ತಿಸಿಕೊಂಡು ಹೋಗಿ, ಹೆಬ್ಬಾವು ಕೊರಳಿಗೆ ಹಾಕಿಕೊಂಡ ಮಕ್ಕಳನ್ನು ತೋರಿಸಿ, ಒಂದು ಅಂಗಡಿಗೆ ಕರೆದೊಯ್ದು "ಶಾಲೆಗೆ ಅಕ್ಕಿ ಮೂಟೆ ಕೊಡಿಸಿ" ಅಂತ ದುಬಾರಿ ಬೆಲೆಗೆ ಕೊಡಿಸುತ್ತಾರೆ. ನನಗೂ ಒಬ್ಬ ಹಾಗೆ ಹಿಡಿದುಕೊಂಡಿದ್ದ. ಅಕ್ಕಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ್ದಕ್ಕೆ ಮುಖ ತಿರುಗಿಸಿದ. ಅದಕ್ಕೆ ಹೋಗಬೇಡಿ ಅಂತ ಖಡಾಖಂಡಿತ ಹೇಳುತ್ತೇನೆ.

ಬಟ್ಟಂಬಾಂಗ್ ದೋಣಿ ಹಾಗಲ್ಲ. ಅದು ಅವರ ರಸ್ತೆಯಲ್ಲಿ ನಾವು ಹೋಗುವುದು. ಹಳ್ಳಿ ಬಸ್ಸಿನ ಕಿಟಕಿಯಿಂದ ಮನೆಗಳು ಕಾಣುವುದಿಲ್ಲವೇ? ಕ್ಯಾಮೆರಾ ಚೀಲದಲ್ಲಿಟ್ಟು ಕೈ ಬೀಸಿದರೆ ಅವರೂ ಬೀಸುತ್ತಾರೆ. ನೋಡುವುದು ತಪ್ಪಲ್ಲ. ಬಾಯಿ ಬಿಟ್ಟುಕೊಂಡು ನೋಡುವುದು ಬೇರೆ.

ಫೋಂಪೆನ್_ಕನ್ನಡಿಗ
@ಸುಮ್ನೆ_ಓದುಗ ಅಣ್ಣ, ನಿಮ್ಮ ಪ್ರಶ್ನೆ ಬಿಟ್ಟುಬಿಡುವಂಥದ್ದಲ್ಲ. ಇನ್ನೊಂದು ಮುಖ ಸೇರಿಸುತ್ತೇನೆ.

ನೀರಿನ ಮೇಲೆ ಇರುವವರೆಲ್ಲ ಒಂದೇ ಜನ ಅಲ್ಲ. ಖ್ಮೇರರಿದ್ದಾರೆ, ಚಾಮ್ ಮುಸ್ಲಿಮರಿದ್ದಾರೆ, ವಿಯೆಟ್ನಾಮಿ ಮೂಲದವರಿದ್ದಾರೆ. ಮೂರನೆಯವರ ಪಾಡು ಕಷ್ಟದ್ದು. ತಲೆಮಾರುಗಳಿಂದ ಇಲ್ಲೇ ಹುಟ್ಟಿದವರು. 1970ರ ದಶಕದಲ್ಲಿ ಓಡಿಸಿದರು, ಪೋಲ್ ಪಾಟ್‌ನ ಖ್ಮೇರ್ ರೂಜ್ ಆಡಳಿತದಲ್ಲಿ ಉಳಿದವರನ್ನು ಕೊಂದರು. 1979ರ ನಂತರ ವಾಪಸ್ ಬಂದವರ ಹತ್ತಿರ ಕಾಗದವೇ ಇಲ್ಲ. ಎಷ್ಟೋ ಜನರಿಗೆ ಇವತ್ತಿಗೂ ಪೌರತ್ವ ಇಲ್ಲ, ಹಾಗಾಗಿ ನೆಲ ಕೊಳ್ಳುವ ಹಾಗಿಲ್ಲ. ನೆಲ ಇಲ್ಲದವರಿಗೆ ನೀರು. ನಾವು ದೋಣಿಯಲ್ಲಿ ಕೂತು "ಎಷ್ಟು ಚೆಂದ ತೇಲುತ್ತಿದ್ದಾರೆ" ಅಂತೀವಿ. ತೇಲುವುದು ಎಲ್ಲರೂ ಬಯಸಿ ಆರಿಸಿಕೊಂಡದ್ದಲ್ಲ.

ಈಗ ನೀರಿನಿಂದಲೂ ಎಬ್ಬಿಸುತ್ತಿದ್ದಾರೆ. 2018ರಲ್ಲಿ ಕಾಂಪೋಂಗ್ ಛ್ನಾಂಗ್‌ನಲ್ಲಿ, 2021ರಲ್ಲಿ ಇಲ್ಲೇ ಫ್ನೋಮ್ ಪೆನ್‌ನಲ್ಲಿ ತೇಲುವ ಮನೆಗಳನ್ನು ಖಾಲಿ ಮಾಡಿಸಿದರು. ನೀರು ಗಲೀಜಾಗುತ್ತದೆ ಅನ್ನುವುದು ಕಾರಣ. ಕಾರಣ ಸುಳ್ಳಲ್ಲ. ಆದರೆ ದಡದ ಮೇಲೆ ತಂದು ಬಿಟ್ಟ ಜಾಗದಲ್ಲಿ ಮೀನು ಹಿಡಿಯುವವರು ಏನು ಮಾಡಬೇಕು?

ಸಾಗರದವ
ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮದು ಶರಾವತಿ ಹಿನ್ನೀರಿನ ಊರು. ಲಿಂಗನಮಕ್ಕಿ ಆದಾಗ ಅಜ್ಜನ ಮನೆ, ತೋಟ ಎಲ್ಲಾ ನೀರೊಳಗೆ ಹೋಯಿತು. ನೀರು ಬಂತು, ಮತ್ತೆ ಹೋಗಲಿಲ್ಲ. ಲಾಂಚ್‌ನಲ್ಲಿ ಓಡಾಡಿ ಬೆಳೆದವರು ನಾವು. 2025ರಲ್ಲಿ ಸಿಗಂದೂರು ಸೇತುವೆ ಆಯಿತು, ಆ ಲಾಂಚ್ ಕಾಯುವ ಕಾಲ ಮುಗಿಯಿತು. ಪ್ರವಾಸಿಗರು "ಅಯ್ಯೋ ಲಾಂಚ್ ಎಷ್ಟು ಚೆನ್ನಾಗಿತ್ತು" ಅಂತ ಬೇಸರ ಮಾಡಿಕೊಂಡರು. ಹೆರಿಗೆ ನೋವಿನಲ್ಲಿ ಲಾಂಚ್ ಕಾದವರು ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ನನ್ನ ಪ್ರಶ್ನೆ: ಅಲ್ಲಿ ನೀರು ಪ್ರತಿ ವರ್ಷ ಬಂದು ಹೋಗುತ್ತದಲ್ಲ, ಬಿಟ್ಟು ಹೋದ ನೆಲದಲ್ಲಿ ಏನು ಮಾಡುತ್ತಾರೆ?

ಫೋಂಪೆನ್_ಕನ್ನಡಿಗ
ಭತ್ತ ಬೆಳೆಯುತ್ತಾರೆ. ನೀರು ಹಿಂದೆ ಸರಿದ ಹಾಗೆ ಅದರ ಬೆನ್ನಿಗೇ ನಾಟಿ. ಮೆಕಾಂಗ್ ತಂದ ಮಣ್ಣು ಹೊಸದಾಗಿ ಕೂತಿರುತ್ತದೆ. ಇನ್ನು ಕಾಂಪೋಂಗ್ ಖ್ಲಿಯಾಂಗ್, ಕಾಂಪೋಂಗ್ ಫ್ಲುಕ್ ಥರದ ಊರುಗಳಲ್ಲಿ ಮನೆ ತೇಲುವುದಿಲ್ಲ, ಎತ್ತರದ ಕಂಬಗಳ ಮೇಲೆ ನಿಂತಿರುತ್ತದೆ. ಏಪ್ರಿಲ್‌ನಲ್ಲಿ ಕೆಳಗೆ ಧೂಳಿನ ರಸ್ತೆ, ಬೈಕು, ವಾಲಿಬಾಲ್. ಅಕ್ಟೋಬರ್‌ನಲ್ಲಿ ಅದೇ ಮನೆಯ ಹೊಸ್ತಿಲಿಗೆ ದೋಣಿ ಕಟ್ಟುತ್ತಾರೆ. ಬೇಸಿಗೆಯಲ್ಲಿ ಕೆಳಗೆ ನಿಂತು ನೋಡಿದರೆ ಮನೆ ಎರಡು ಮಹಡಿ ಮೇಲಿರುತ್ತದೆ, ಏಣಿ ಹತ್ತಲೇ ಭಯವಾಗುತ್ತದೆ.

ಮೀನಿನ ಸುಗ್ಗಿ ಡಿಸೆಂಬರ್-ಜನವರಿಯಲ್ಲಿ. ಪ್ರವಾಹದ ಜೊತೆ ಮೊಟ್ಟೆ, ಮರಿಗಳು ಒಳಗೆ ಬಂದು ಮುಳುಗಿದ ಕಾಡಿನಲ್ಲಿ ತಿಂದು ದಪ್ಪವಾಗಿರುತ್ತವೆ. ನೀರು ಹೊರಗೆ ತಿರುಗಿದಾಗ ನದಿಗೆ ಇಳಿಯುತ್ತವೆ. ಹುಣ್ಣಿಮೆಗೆ ಮುಂಚಿನ ಕೆಲವು ದಿನ ಸಾಲು ಸಾಲು ಚೀಲಬಲೆಗಳು ತುಂಬಿ ಬೀಳುತ್ತವೆ. ಅದರಲ್ಲಿ ಜಾಸ್ತಿ ಇರುವುದು ಬೆರಳುದ್ದದ ಬೆಳ್ಳಿ ಮೀನು, ತ್ರೆಯ್ ರಿಯೆಲ್. ಒಳನಾಡಿನ ರೈತರು ಗಾಡಿ ಕಟ್ಟಿಕೊಂಡು ಅಕ್ಕಿ ತಂದು ಮೀನು ಒಯ್ದು ವರ್ಷಕ್ಕಾಗುವಷ್ಟು ಪ್ರಹೋಕ್ ಹಾಕಿಡುವುದು ಹಳೆಯ ಪದ್ಧತಿ. ಮೀನನ್ನು ಅರೆದು ಉಪ್ಪು ಹಾಕಿ ಕೊಳೆಸಿದ ಗೊಜ್ಜು ಅದು. ವಾಸನೆ ಬಗ್ಗೆ ನಾನೇನೂ ಹೇಳುವುದಿಲ್ಲ, ಮೇಡಂ ಟಿಕೆಟ್ ಕ್ಯಾನ್ಸಲ್ ಮಾಡಿಬಿಟ್ಟಾರು.

ನೀರಿನ_ಲೆಕ್ಕ
ಸಾಗರದವರ ಮಾತು ನನ್ನಂಥವನಿಗೆ ಚುಚ್ಚುತ್ತದೆ, ಇರಲಿ. ಇಲ್ಲೂ ಅಣೆಕಟ್ಟಿನ ಕಥೆ ಬಂದೇ ಬರುತ್ತದೆ. ಮೆಕಾಂಗ್‌ನ ಮೇಲ್ಭಾಗದಲ್ಲಿ ಚೀನಾ ಸಾಲಾಗಿ ಅಣೆಕಟ್ಟು ಕಟ್ಟಿದೆ. ಲಾವೋಸ್‌ನ ಸಾಯಬುರಿ 2019ರಲ್ಲಿ ಕೆಲಸ ಶುರು ಮಾಡಿತು. ಕೆಳಗೆ ನದಿಯ ಮರಳು ತೆಗೆದು ತೆಗೆದು ತಳವೇ ಇಳಿದಿದೆ. ತಳ ಇಳಿದರೆ ಅಷ್ಟೇ ನೀರಿಗೆ ಮಟ್ಟ ಕಡಿಮೆ, ಸರೋವರದ ಕಡೆ ನೂಕುವ ಬಲವೂ ಕಡಿಮೆ. 2019, 2020 ಎರಡೂ ವರ್ಷ ಮಳೆಯೂ ಕೈಕೊಟ್ಟು ನದಿ ತಿರುಗುವುದು ತಡವಾಯಿತು, ಸರೋವರ ಸರಿಯಾಗಿ ತುಂಬಲಿಲ್ಲ. 2016ರ ಬರದಲ್ಲಿ ಆ ಮುಳುಗುವ ಕಾಡಿಗೇ ಬೆಂಕಿ ಬಿದ್ದಿತ್ತು.

ಹಾಗಾಗಿ ಮೇಡಂ, "ಅಕ್ಟೋಬರ್ ಅಂದರೆ ತುಂಬಿರುತ್ತದೆ" ಅನ್ನುವುದನ್ನು ಕಣ್ಣುಮುಚ್ಚಿ ನಂಬಬೇಡಿ. ಹೊರಡುವ ಮುಂಚೆ ಆ ವರ್ಷದ ಮಟ್ಟ ನೋಡಿ. ಮೆಕಾಂಗ್ ನದಿ ಆಯೋಗ ಪ್ರತಿದಿನ ಹಾಕುತ್ತದೆ.

ಕೊಕ್ಕರೆ_ಕಣ್ಣು
ತಡವಾಗಿ ಬಂದೆ. ಎಲ್ಲರೂ ದಸರಾ ದಸರಾ ಅಂತಿದ್ದೀರಿ, ನಾನು ಸಂಕ್ರಾಂತಿ ಅಂತೀನಿ.

ನಾನು ಮದ್ದೂರು ಕಡೆಯವನು. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರದ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದನ್ನು ನೋಡುತ್ತಾ ಬೆಳೆದೆ. ಅದೇ ಎರಡು ಹಕ್ಕಿಗಳು ಪ್ರೆಕ್ ತೋಲ್‌ನಲ್ಲಿ ಸಾವಿರಗಟ್ಟಲೆ. ಜೊತೆಗೆ ಹಾವಕ್ಕಿ, ಮತ್ತೆ ಅಸ್ಸಾಮಿನವರು ಹರ್ಗಿಲಾ ಅನ್ನುವ ದೊಡ್ಡ ಬೋಳು ತಲೆಯ ಕೊಕ್ಕರೆ. ಆ ಹರ್ಗಿಲಾ ಪ್ರಪಂಚದಲ್ಲಿ ಉಳಿದಿರುವುದೇ ಅಸ್ಸಾಂ, ಬಿಹಾರ, ಕಾಂಬೋಡಿಯಾ ಇಷ್ಟು ಕಡೆ. ಸರೋವರ ಪೂರ್ತಿ 1997ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಆಯಿತು, ಪ್ರೆಕ್ ತೋಲ್ 2015ರಲ್ಲಿ ಪ್ರಪಂಚದ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು.

ಅಲ್ಲಿಯ ಕಥೆ ಕೇಳಿ. 1990ರ ದಶಕದಲ್ಲಿ ಹಳ್ಳಿಯವರು ಮರ ಹತ್ತಿ ಮೊಟ್ಟೆ, ಮರಿ ಎಲ್ಲಾ ಕಿತ್ತು ಮಾರುತ್ತಿದ್ದರು. ಹಕ್ಕಿ ಮುಗಿದೇಹೋಗುವ ಹಾಗಿತ್ತು. ಆಮೇಲೆ ಅದೇ ಮೊಟ್ಟೆ ಕೀಳುವವರನ್ನೇ ಕಾವಲಿಗೆ ಇಟ್ಟುಕೊಂಡರು. ಮರದ ತುದಿಯಲ್ಲಿ ಅಟ್ಟಣೆ ಕಟ್ಟಿ, ಗೂಡಿನ ಕಾಲದಲ್ಲಿ ಹಗಲು ರಾತ್ರಿ ಅಲ್ಲೇ. ಯಾವ ಮರದಲ್ಲಿ ಎಷ್ಟು ಗೂಡು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಕ್ಕಿ ಹೆಚ್ಚಿದವು. ನಮ್ಮ ಬೆಳ್ಳೂರಿನವರು ಹಕ್ಕಿಯನ್ನು ಮನೆ ಮಗಳ ಹಾಗೆ ನೋಡುತ್ತಾರೆ ಅಂತ ಹೆಮ್ಮೆ ನನಗೆ. ಪ್ರೆಕ್ ತೋಲ್‌ನವರದ್ದು ಸಂಬಳಕ್ಕೆ ಶುರುವಾದ ಪ್ರೀತಿ. ಎರಡರಿಂದಲೂ ಮರಿ ಬದುಕಿತು, ಅಷ್ಟು ಸಾಕು ನನಗೆ.

ಅಕ್ಟೋಬರ್‌ನಲ್ಲಿ ಹೋದರೆ ಇದೆಲ್ಲ ಕಾಣುವುದಿಲ್ಲ. ನೀರು ಎಲ್ಲೆಲ್ಲೂ ಹರಡಿದಾಗ ಹಕ್ಕಿಯೂ ಎಲ್ಲೆಲ್ಲೋ. ಜನವರಿಯಿಂದ ಮಾರ್ಚ್ ಆರಂಭದವರೆಗೆ, ನೀರು ಇಳಿದು ಮಡುಗಳಲ್ಲಿ ಮೀನು ಸಿಕ್ಕಿಹಾಕಿಕೊಂಡಾಗ, ಆಗ ನೋಡಬೇಕು.

ಹೊಳೆಸಾಲು
ಕಣ್ಣಣ್ಣ, ಒಪ್ಪಿದೆ. ಆದರೆ ಜನವರಿಯಲ್ಲಿ ಬಟ್ಟಂಬಾಂಗ್ ದೋಣಿ ಎಂಟು ಒಂಬತ್ತು ಗಂಟೆ ಎಳೆಯುತ್ತದೆ. ಹಕ್ಕಿಗೆ ಒಳ್ಳೆಯ ಕಾಲ ದೋಣಿಗೆ ಒಳ್ಳೆಯದಲ್ಲ, ದೋಣಿಗೆ ಒಳ್ಳೆಯದು ಹಕ್ಕಿಗಲ್ಲ. ಹಕ್ಕಿ ಬೇಕೆಂದರೆ ಪ್ರೆಕ್ ತೋಲ್‌ಗೆ ಬೇರೆ ದೋಣಿ ಮಾಡಿಕೊಂಡು ಹೋಗಿ ಬರುವುದು ವಾಸಿ. ದೊಡ್ಡ ದೋಣಿ ಕಾವಲು ಕಾಡಿನೊಳಗೆ ಹೋಗುವುದೂ ಇಲ್ಲ.

ಸುಮ್ನೆ_ಓದುಗ
ಮೊಟ್ಟೆ ಕೀಳುವವರನ್ನೇ ಕಾವಲಿಗೆ ಇಟ್ಟರು ಅನ್ನುವುದು ಚೆನ್ನಾಗಿದೆ. ಮೀನಿಗೂ ಹಾಗೆ ಏನಾದರೂ ಮಾಡಿದ್ದಾರಾ? ದೊಡ್ಡ ಮೀನೆಲ್ಲ ಗುತ್ತಿಗೆದಾರರ ಪಾಲು ಅಂತ ಎಲ್ಲೋ ಓದಿದ ನೆನಪು.

ಫೋಂಪೆನ್_ಕನ್ನಡಿಗ
ಅದು ಹಿಂದಿನದು. ಫ್ರೆಂಚರ ಕಾಲದಿಂದ ಸರೋವರವನ್ನು ತುಂಡು ತುಂಡು ಮಾಡಿ ಹರಾಜು ಹಾಕುತ್ತಿದ್ದರು. ಗುತ್ತಿಗೆ ಹಿಡಿದವನು ಕಿಲೋಮೀಟರ್‌ಗಟ್ಟಲೆ ಬಿದಿರಿನ ತಡಿಕೆ ಹಾಕಿ, ಬಂದೂಕಿನ ಕಾವಲು ಇಟ್ಟು, ಹಳ್ಳಿಯವರನ್ನು ಹತ್ತಿರ ಬಿಡುತ್ತಿರಲಿಲ್ಲ. 2012ರಲ್ಲಿ ಆ ಗುತ್ತಿಗೆಗಳನ್ನೆಲ್ಲ ರದ್ದು ಮಾಡಿದರು. ಜನ ಕುಣಿದರು. ಆಮೇಲೆ ಎಲ್ಲರೂ ಎಲ್ಲಾ ಕಡೆ ಬಲೆ ಹಾಕಿದರು, ಸೊಳ್ಳೆಪರದೆ ಕಣ್ಣಿನ ಬಲೆ, ಕರೆಂಟು ಕೊಟ್ಟು ಹಿಡಿಯುವುದು. ದೊಡ್ಡ ಮೀನು ಈಗ ಅಪರೂಪ. ಗುತ್ತಿಗೆದಾರನ ಕಾವಲು ಕೆಟ್ಟದ್ದು, ಕಾವಲೇ ಇಲ್ಲದಿರುವುದೂ ಒಳ್ಳೆಯದಲ್ಲ. ನಡುವಿನದ್ದು ಹುಡುಕುತ್ತಿದ್ದಾರೆ, ಹಳ್ಳಿ ಹಳ್ಳಿಗೆ ಮೀನುಗಾರರ ಸಂಘ ಮಾಡಿಸಿ. ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಬೋರ್ಡು ಮಾತ್ರ ಇದೆ.

ಗಂಟುಮೂಟೆ
ಒಂದು ದೋಣಿ ಟಿಕೆಟ್ ಕೇಳಿದ್ದಕ್ಕೆ ಇಷ್ಟೆಲ್ಲ ಸಿಕ್ಕಿತು! ಮನೆಯಲ್ಲಿ ನಿನ್ನೆ ರಾತ್ರಿ ಜಗಳವಾಡಿ ಒಂದು ತೀರ್ಮಾನಕ್ಕೆ ಬಂದೆವು. ದಸರಾಕ್ಕೇ ಹೋಗುವುದು, ಮಹಾಲಯ ಅಮಾವಾಸ್ಯೆ ಕಳೆದು ಕೆಲವು ದಿನ ಬಿಟ್ಟು. ಅಪ್ಪ ಕಾರಿನಲ್ಲಿ ಬಟ್ಟಂಬಾಂಗ್‌ಗೆ, ಜೊತೆಗೆ ನಮ್ಮ ಮನೆಯವರು. ಅಮ್ಮ, ನಾನು, ಮಗ ದೋಣಿಯಲ್ಲಿ. ಅಪ್ಪನಿಗೂ ನೀರು ನೋಡಬೇಕಂತೆ, ಅರ್ಧ ದಿನದ್ದು ಯಾವುದಾದರೂ ಇದೆಯಾ? ಹೆಬ್ಬಾವು, ಅಕ್ಕಿ ಮೂಟೆ ಇಲ್ಲದ್ದು.

ಹೊಳೆಸಾಲು
ಕಾಂಪೋಂಗ್ ಖ್ಲಿಯಾಂಗ್. ಸಿಯೆಮ್ ರೀಪ್‌ನಿಂದ ಕಾರಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ದೂರ ಅಂತ ಜನ ಕಡಿಮೆ. ದೋಣಿ ಹತ್ತಿ ಇಳಿಯುವಾಗ ಕೈ ಹಿಡಿದುಕೊಂಡರೆ ಸಾಕು. ಅಂಗ್ಕೋರ್‌ಗೆ ಹೋದಾಗ ಬಯೋನ್ ದೇವಾಲಯದ ದಕ್ಷಿಣ ಗೋಡೆ ತಪ್ಪಿಸಬೇಡಿ ಅಂತ ಅಪ್ಪನಿಗೆ ಹೇಳಿ. ಚಾಮ್ ಸೈನ್ಯದ ಜೊತೆ ನಡೆದ ದೋಣಿ ಯುದ್ಧದ ಕೆತ್ತನೆ ಇದೆ. ಮೇಲೆ ಯುದ್ಧ, ದೋಣಿಯಿಂದ ಬಿದ್ದವನನ್ನು ಮೊಸಳೆ ಕಚ್ಚಿದೆ. ಅದರ ಕೆಳಗೆ ಸಂತೆ, ಅಡುಗೆ, ಕೋಳಿ ಅಂಕ, ಯುದ್ಧಕ್ಕೂ ತಮಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ.

ಕೊಕ್ಕರೆ_ಕಣ್ಣು
1296ರಲ್ಲಿ ಅಲ್ಲಿಗೆ ಬಂದಿದ್ದ ಚೀನಾದ ರಾಯಭಾರಿ ತಂಡದ ಝೌ ದಾಗುವಾನ್ ಕೂಡ ಬರೆದಿದ್ದಾನೆ, ಮಳೆಗಾಲದಲ್ಲಿ ಸರೋವರ ಏರಿ ದೊಡ್ಡ ಮರಗಳ ತುದಿ ಮಾತ್ರ ಕಾಣುತ್ತದೆ, ದಡದವರೆಲ್ಲ ಗುಡ್ಡದ ಕಡೆ ಹೋಗುತ್ತಾರೆ ಅಂತ. ಮಗನಿಗೆ ತೋರಿಸಿ ಹೇಳಿ, ಅದೇ ಮರದ ತುದಿಗಳು. ಇನ್ನೊಂದು, ಬೈನಾಕ್ಯುಲರ್ ಇದ್ದರೆ ತಗೊಂಡು ಹೋಗಿ. ದಸರಾದಲ್ಲಿ ಹೆಜ್ಜಾರ್ಲೆ ಇಲ್ಲದಿದ್ದರೂ ಮಿಂಚುಳ್ಳಿ ಎಣಿಸಿ ಸುಸ್ತಾಗುತ್ತಾನೆ.

ಫೋಂಪೆನ್_ಕನ್ನಡಿಗ
ಕೊನೆಯದಾಗಿ ಮೂರು ವಿಷಯ. ದೋಣಿ ಆ ದಿನ ಇದೆಯಾ ಅಂತ ಹಿಂದಿನ ದಿನ ಹೋಟೆಲಿನವರ ಕೈಯಲ್ಲಿ ಫೋನ್ ಮಾಡಿಸಿ ಖಚಿತ ಮಾಡಿಕೊಳ್ಳಿ. ರಸ್ತೆ ಚೆನ್ನಾದ ಮೇಲೆ ಜನ ಕಡಿಮೆ, ಕೆಲವು ದಿನ ಹೊರಡುವುದೇ ಇಲ್ಲ. ಡಾಲರ್ ನಡೆಯುತ್ತದೆ, ಆದರೆ ಹರಿದ, ಮಡಿಚಿ ಕಲೆಯಾದ ನೋಟು ಯಾರೂ ಮುಟ್ಟುವುದಿಲ್ಲ. ಸಣ್ಣ ಖರ್ಚಿಗೆ ರಿಯೆಲ್ ಇಟ್ಟುಕೊಳ್ಳಿ, ಒಂದು ಡಾಲರಿಗೆ ಸುಮಾರು 4,000. ಸಿಯೆಮ್ ರೀಪ್‌ನ ಹೊಸ ಏರ್‌ಪೋರ್ಟ್ 2023ರಿಂದ ಊರಾಚೆ ಇದೆ, ಒಂದು ಗಂಟೆ ದಾರಿ. ಹಳೆಯ ಬ್ಲಾಗ್ ಓದಿ "ಹತ್ತು ನಿಮಿಷ" ಅಂದುಕೊಳ್ಳಬೇಡಿ.

ಲೈಫ್ ಜಾಕೆಟ್ ಹುಡುಗನ ಅಳತೆಗೆ ಸಿಗುವುದು ಕಷ್ಟ. ಬೆಂಗಳೂರಿನಿಂದಲೇ ಒಂದು ತಂದರೆ ಒಳ್ಳೆಯದು.

ಗಂಟುಮೂಟೆ
ಬರೆದುಕೊಂಡೆ. ಜಾಕೆಟ್ ಆರ್ಡರ್ ಮಾಡಿದೆ. ಅಮ್ಮ ಈಗಾಗಲೇ ಚಟ್ನಿಪುಡಿಗೆ ಮೆಣಸಿನಕಾಯಿ ಒಣಗಲು ಹಾಕಿದ್ದಾರೆ, ಹೋಗಲು ಇನ್ನೂ ಒಂದೂವರೆ ತಿಂಗಳಿದೆ. ಅವರದ್ದೊಂದು ಕೊನೆಯ ಪ್ರಶ್ನೆ: ದೋಣಿಯಲ್ಲಿ ಯಾವ ಕಡೆ ಕೂತರೆ ಬಿಸಿಲು ಕಡಿಮೆ?

ನೀರಿನ_ಲೆಕ್ಕ
ಹೋಗುವುದು ಪಶ್ಚಿಮಕ್ಕೆ. ಅಕ್ಟೋಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬಲಗಡೆ ಕೂರಿ.

ಹೊಳೆಸಾಲು
ಸರೋವರ ದಾಟುವವರೆಗೆ ಸರ್ ಹೇಳಿದ್ದು ಸರಿ. ಸಂಕೇರ್ ನದಿಯಲ್ಲಿ ಎಷ್ಟು ತಿರುವು ಅಂದರೆ ಬಿಸಿಲು ಐದು ನಿಮಿಷಕ್ಕೊಮ್ಮೆ ಕಡೆ ಬದಲಿಸುತ್ತದೆ. ಅಮ್ಮನಿಗೆ ಒಂದು ಛತ್ರಿ ಕೊಡಿ.

ಉಪ್ಪಿಟ್ಟು_ರವೆ
ಮತ್ತೆ ಅವಲಕ್ಕಿ.